ಹ್ಯಾಮ್ ಕ್ಲಬ್ಬಿನ ಮಹಾಸಭೆಗೆ ಕೋರಂ ಆಗುತ್ತಿಲ್ಲ, ವೋಟಿಂಗ್ ಹೇಗೆ ನಡೆಸುವುದು?

ತುಮಕೂರು_ಕೋಆಕ್ಸ್ ಕೇಳಿದ್ದು:

ಎಲ್ಲರಿಗೂ 73 (ಹ್ಯಾಮ್ ಭಾಷೆಯಲ್ಲಿ ಶುಭಾಶಯ). ತುಮಕೂರು ಜಿಲ್ಲೆಯ ಒಂದು ಸಣ್ಣ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ, ಕ್ಲಬ್ಬಿನ ಸದಸ್ಯ ನಾನು. ಕ್ಲಬ್ಬಿನ ಹೆಸರು ಬೇಡ, ಗೊತ್ತಿರುವವರಿಗೆ ಗೊತ್ತಾಗುತ್ತದೆ. ನಮ್ಮದು ನೋಂದಾಯಿತ ಸಂಘ. ಬೈಲಾ ಇದೆ, ಸಮಿತಿ ಇದೆ, ಬ್ಯಾಂಕ್ ಖಾತೆ ಇದೆ. ಸಭೆಗೆ ಬರುವ ಜನ ಮಾತ್ರ ಇಲ್ಲ.

ಪುಸ್ತಕದಲ್ಲಿ 112 ಸದಸ್ಯರಿದ್ದಾರೆ. ಕೋರಂ ಮೂರನೇ ಒಂದು ಭಾಗ ಅಂತ ಬೈಲಾದಲ್ಲಿದೆ, ಅಂದರೆ 38 ಜನ ಬೇಕು. ಹೋದ ಸಲ ಬಂದವರು 17. ಅದರ ಹಿಂದಿನ ವರ್ಷವೂ ಹೆಚ್ಚುಕಮ್ಮಿ ಅಷ್ಟೇ. ಕಾಫಿ ಕುಡಿದು, ಹೊಸ ರಿಗ್ (ರೇಡಿಯೊ ಸೆಟ್) ಬಗ್ಗೆ ಮಾತಾಡಿ, ಹಳೇ ಸಮಿತಿಯೇ ಮುಂದುವರಿಯಲಿ ಅಂತ ಹೇಳಿ ಎದ್ದು ಬಂದೆವು. ಖಜಾಂಚಿ ಕೆಲಸದ ಮೇಲೆ ಬೇರೆ ರಾಜ್ಯಕ್ಕೆ ಹೋಗಿ ಆಗಿದೆ. ಆದರೂ ಬ್ಯಾಂಕಿನಲ್ಲಿ ಸಹಿ ಅವರದೇ, ಯಾಕೆಂದರೆ ಹೊಸಬರನ್ನು ಆರಿಸಿದ ನಡಾವಳಿ ಇಲ್ಲದೆ ಬ್ಯಾಂಕಿನವರು ಸಹಿ ಬದಲಾಯಿಸುವುದಿಲ್ಲ. ವಾಟ್ಸಾಪ್ ಗ್ರೂಪ್ ನೋಡಿದರೆ ಮಾತ್ರ ಬೆಳಗಿನ ಶುಭೋದಯದಿಂದ ರಾತ್ರಿಯ ಆಂಟೆನಾ ಫೋಟೊವರೆಗೆ ಪುರುಸೊತ್ತೇ ಇಲ್ಲ.

ಈಗ ಅವಸರ ಬಂದಿರುವುದು ಬೆಟ್ಟದ ಮೇಲಿಂದ ನಮ್ಮ ಸಿಗ್ನಲ್ ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ರಿಪೀಟರ್‌ನಿಂದ. ಬ್ಯಾಟರಿ ಕೈಕೊಟ್ಟಿದೆ, ಡ್ಯೂಪ್ಲೆಕ್ಸರ್ (ಒಂದೇ ಆಂಟೆನಾದಲ್ಲಿ ಕೇಳುವುದನ್ನೂ ಕಳಿಸುವುದನ್ನೂ ಬೇರ್ಪಡಿಸುವ ಫಿಲ್ಟರ್) ಟ್ಯೂನಿಂಗ್ ತಪ್ಪಿದೆ. ಕೂಡಿಟ್ಟಿರುವ ದುಡ್ಡನ್ನು ಅದಕ್ಕೆ ಹಾಕಬೇಕು ಅಂತ ಒಂದು ಗುಂಪು. ಈಗ ಯಾರ ಕೈಯಲ್ಲೂ ಹ್ಯಾಂಡ್‌ಹೆಲ್ಡ್ ಕಾಣುವುದಿಲ್ಲ, ಆ ದುಡ್ಡಿಗೆ ಒಂದು ಎಚ್‌ಎಫ್ (ದೂರ ಹೋಗುವ ಶಾರ್ಟ್‌ವೇವ್) ಸೆಟ್ ತೆಗೆದುಕೊಂಡು ಕಾಲೇಜುಗಳಲ್ಲಿ ಸ್ಟೇಷನ್ ತೋರಿಸೋಣ ಅಂತ ಇನ್ನೊಂದು ಗುಂಪು. ಎರಡೂ ಕಡೆ ನ್ಯಾಯ ಇದೆ. ತೀರ್ಮಾನ ಮಾಡುವವರು ಯಾರು?

ನನ್ನ ತಲೆಯಲ್ಲಿ ಓಡುತ್ತಿರುವುದು ಇಷ್ಟು. ಭಾನುವಾರದ ನೆಟ್‌ನಲ್ಲಿ (ರೇಡಿಯೊದಲ್ಲೇ ಎಲ್ಲರೂ ಸೇರಿ ಮಾತಾಡುವ ಕೂಟ) ರೋಲ್ ಕಾಲ್ ಮಾಡುವಾಗಲೇ ಒಬ್ಬೊಬ್ಬರ ವೋಟು ಕೇಳಿಬಿಡುವುದು. ಪಾವಗಡದವರು ನೂರು ಕಿಲೋಮೀಟರ್ ಬಸ್ಸಿನಲ್ಲಿ ಬರುವುದು ತಪ್ಪುತ್ತದೆ. ಇಲ್ಲ ಅಂದರೆ ಗೂಗಲ್ ಫಾರ್ಮ್. ಅದೂ ಬೇಡ ಅಂದರೆ ಕೋರಂ ಅನ್ನೇ ಹತ್ತು ಜನಕ್ಕೆ ಇಳಿಸುವುದು. ಇನ್ನೊಂದು, ಲೈಸೆನ್ಸ್ ಇಲ್ಲದ ಕೇಳುಗ ಸದಸ್ಯರಿಗೆ ಮತ್ತು ಶಾಲೆ ಹುಡುಗರಿಗೆ ವೋಟು ಕೊಡಬೇಕಾ? ನಿಮ್ಮ ನಿಮ್ಮ ಕ್ಲಬ್ಬುಗಳಲ್ಲಿ ಏನು ಮಾಡುತ್ತೀರಿ, ಸ್ವಲ್ಪ ಹೇಳಿ.

ಕೋಲಾರ_ಡೈಪೋಲ್ ಉತ್ತರ:

ನಮಸ್ಕಾರ ಓಎಂ (ಹ್ಯಾಮ್‌ಗಳು ಗೆಳೆಯನನ್ನು ಕರೆಯುವ ರೀತಿ). ಮೊದಲು ಒಂದು ಪ್ರಶ್ನೆ. ಆ 112ರಲ್ಲಿ ಬದುಕಿರುವವರು ಎಷ್ಟು? ತಮಾಷೆಗೆ ಕೇಳುತ್ತಿಲ್ಲ. ನಮ್ಮ ಕಡೆ ಸದಸ್ಯರ ರಿಜಿಸ್ಟರ್ ಬಿಚ್ಚಿ ಒಂದೊಂದೇ ಕಾಲ್‌ಸೈನ್ (ಲೈಸೆನ್ಸಿನ ಜೊತೆ ಸಿಗುವ ಗುರುತಿನ ಹೆಸರು) ನೋಡುತ್ತಾ ಹೋದಾಗ ಸೈಲೆಂಟ್ ಕೀ ಆದವರೇ ಒಂದು ಪುಟ ತುಂಬಿದರು. ಅವರಿಗೆ ಶ್ರದ್ಧಾಂಜಲಿ ಹೇಳಿದ್ದೇವೆ, ನೆಟ್‌ನಲ್ಲಿ ಒಂದು ನಿಮಿಷ ಸುಮ್ಮನೆ ಇದ್ದೆವು, ಎಲ್ಲಾ ಆಯಿತು. ರಿಜಿಸ್ಟರ್‌ನಲ್ಲಿ ಹೆಸರಿಗೆ ಗೆರೆ ಹಾಕಿದವರು ಮಾತ್ರ ಯಾರೂ ಇಲ್ಲ. ವರ್ಷ ವರ್ಷವೂ ಅವರನ್ನು ಸೇರಿಸಿಯೇ ಕೋರಂ ಲೆಕ್ಕ ಹಾಕುತ್ತಿದ್ದರು!

ಎರಡನೇ ಗುಂಪು ಆಜೀವ ಸದಸ್ಯರು. ಯಾವುದೋ ಕಾಲದಲ್ಲಿ ಕ್ಲಬ್ಬಿಗೆ ದುಡ್ಡು ಬೇಕಾಗಿತ್ತು, ಒಂದೇ ಸಲ ಇಷ್ಟು ಕಟ್ಟಿ ಅಂದರು, ಜನ ಕಟ್ಟಿದರು. ಅವರಲ್ಲಿ ಅರ್ಧ ಜನ ಈಗ ಟೆಕ್ಸಾಸ್‌ನಲ್ಲೋ ಮೆಲ್ಬರ್ನ್‌ನಲ್ಲೋ ಅಲ್ಲಿಯ ಕಾಲ್‌ಸೈನ್ ಇಟ್ಟುಕೊಂಡು ಆರಾಮವಾಗಿದ್ದಾರೆ. ಅವರ ಹಕ್ಕು ಕಿತ್ತುಕೊಳ್ಳುವುದು ಸರಿಯಲ್ಲ, ದುಡ್ಡು ಕೊಟ್ಟಿದ್ದಾರೆ. ಆದರೆ ಅವರು ಬರುವುದಿಲ್ಲ ಅಂತ ಗೊತ್ತಿದ್ದೂ ಕೋರಂ ಲೆಕ್ಕಕ್ಕೆ ಹಿಡಿಯುವುದು ಯಾವ ನ್ಯಾಯ? ನಾವು ಬೈಲಾ ತಿದ್ದಿ, ವಿಳಾಸಕ್ಕೆ ಕಳಿಸಿದ ಪತ್ರಕ್ಕೂ ಮೆಸೇಜಿಗೂ ಉತ್ತರ ಕೊಡದವರನ್ನು ಬೇರೆ ಪಟ್ಟಿಗೆ ಹಾಕಿದೆವು. ಆ ಪಟ್ಟಿ ಕೋರಂ ಲೆಕ್ಕಕ್ಕೆ ಬರುವುದಿಲ್ಲ. ಅವರು ಯಾವತ್ತು ಬೇಕಾದರೂ ಒಂದು ಸಾಲು ಬರೆದು ವಾಪಸ್ ಬರಬಹುದು, ಹೊಸದಾಗಿ ದುಡ್ಡು ಕಟ್ಟಬೇಕಿಲ್ಲ. ಈ ಕೊನೆಯ ಮಾತು ಸೇರಿಸಿದ್ದರಿಂದ ಜಗಳ ಆಗಲಿಲ್ಲ.

ಇನ್ನೂ ಬಿಗಿ ಮಾಡೋಣ, ಸಭೆಗೆ ಬಾರದವರಿಗೆ ವೋಟೇ ಬೇಡ ಅಂತ ಒಬ್ಬರು ಹಠ ಹಿಡಿದಿದ್ದರು. ಅದು ಬೇಡ. ಸಹಕಾರ ಸಂಘಗಳ ಕಥೆ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿ ಮಹಾಸಭೆಗಳಿಗೆ ಗೈರಾದವರಿಗೆ ಮತ ಹಾಕುವ ಹಕ್ಕಿಲ್ಲ ಅನ್ನುವ ನಿಯಮ ಬಂತು. ಆಮೇಲೆ ಚುನಾವಣೆ ಹತ್ತಿರ ಬಂದಾಗಲೆಲ್ಲ ಹೈಕೋರ್ಟಿಗೆ ಹೋಗಿ ವೋಟಿಂಗ್ ಪವರ್ ತರುವವರು, ಅದನ್ನು ತಡೆಯಲು ಹೋಗುವವರು, ಎರಡೂ ಕಡೆ ವಕೀಲರಿಗೆ ಫೀಸು. ಡೈರಿಯಲ್ಲಾದರೆ ಹಾಲಿನ ದುಡ್ಡಿದೆ, ಜಿಲ್ಲಾ ಒಕ್ಕೂಟದವರೆಗೆ ಹೋಗುವ ರಾಜಕೀಯ ಇದೆ, ಜನ ಕೋರ್ಟಿಗೂ ಹೋಗುತ್ತಾರೆ. ಹ್ಯಾಮ್ ಕ್ಲಬ್ಬಿನಲ್ಲಿ ವೋಟು ಇಲ್ಲ ಅಂದರೆ ಮನುಷ್ಯ ಸದ್ದಿಲ್ಲದೆ ಬಿಟ್ಟು ಹೋಗುತ್ತಾನೆ, ಅಷ್ಟೇ.

ಕೋರಂ ಇಳಿಸುವ ಮೊದಲು ನಿಮ್ಮ ಬೈಲಾದಲ್ಲಿ ಮುಂದೂಡಿದ ಸಭೆಯ ಬಗ್ಗೆ ಏನಿದೆ ನೋಡಿ. ಬಹಳಷ್ಟು ಬೈಲಾಗಳಲ್ಲಿ, ಅರ್ಧ ಗಂಟೆ ಕಾದು ಕೋರಂ ಆಗದಿದ್ದರೆ ಸಭೆ ಮುಂದೂಡಿ, ಮುಂದೂಡಿದ ಸಭೆಗೆ ಬಂದವರೇ ಕೋರಂ ಅಂತ ಒಂದು ಸಾಲು ಇರುತ್ತದೆ. ಯಾರೂ ಓದಿರುವುದಿಲ್ಲ. ಆದರೆ ಆ ದಾರಿಯಲ್ಲಿ ಹೋಗುವಾಗ ಎರಡನೇ ಸಭೆಯ ದಿನಾಂಕ, ಜಾಗ, ವಿಷಯಗಳನ್ನು ಮೊದಲ ನೋಟಿಸಿನಲ್ಲೇ ಹಾಕಿಬಿಡಿ. ಇಲ್ಲದಿದ್ದರೆ ಹತ್ತು ಜನ ಸೇರಿ ಕದ್ದು ಪಾಸು ಮಾಡಿಕೊಂಡರು ಅನ್ನುವ ಮಾತು ಬರುತ್ತದೆ.

ಗೌರಿಬಿದನೂರು_ಕೇಳುಗ ಉತ್ತರ:

ನಾನು ಲೈಸೆನ್ಸ್ ಇಲ್ಲದವನು. ಬರೀ ಕೇಳುಗ. ಪರೀಕ್ಷೆಗೆ ಓದುತ್ತಿದ್ದೇನೆ ಅಂತ ಹೇಳಿಕೊಂಡು ತುಂಬಾ ದಿನ ಆಯಿತು, ಅದು ಬಿಡಿ. ರೇಡಿಯೊ ಹುಚ್ಚು ನಮ್ಮ ಊರಿನ ನೀರಿನಲ್ಲೇ ಇದೆ ಅಂತ ಕಾಣುತ್ತದೆ. 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ಕೇಳುತ್ತಿದ್ದ ದೊಡ್ಡ ಟಿ ಆಕಾರದ ಡೈಪೋಲ್ (ಒಂದು ಬಗೆಯ ಆಂಟೆನಾ) ಸಾಲು ಕಟ್ಟಿದ್ದು ನಮ್ಮ ಗೌರಿಬಿದನೂರು ಹತ್ತಿರವೇ ಅಲ್ವಾ.

ನೆಟ್‌ನಲ್ಲಿ ವೋಟು ಹಾಕಿಸುವ ಐಡಿಯಾ ಬಗ್ಗೆ ಒಬ್ಬ ಕೇಳುಗನಾಗಿ ಹೇಳುತ್ತೇನೆ. ನಿಮ್ಮ ವೋಟು ನನಗೆ ಪೂರ್ತಿ ಕೇಳಿಸುತ್ತದೆ. ಒಂದು ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರ್), ಮಹಡಿ ಮೇಲೆ ಒಂದು ತುಂಡು ತಂತಿ, ಅಷ್ಟು ಸಾಕು. ಯಾರು ಅಧ್ಯಕ್ಷರ ವಿರುದ್ಧ ಹೋದರು, ಯಾರು ತಡವರಿಸಿ ಹೂಂ ಅಂದರು, ಎಲ್ಲಾ ರೆಕಾರ್ಡ್ ಮಾಡಿಕೊಳ್ಳಬಹುದು. ಹ್ಯಾಮ್ ಬ್ಯಾಂಡಿನಲ್ಲಿ ಗುಪ್ತ ಭಾಷೆ ಬಳಸುವಂತಿಲ್ಲ, ಎಲ್ಲವೂ ಬಿಚ್ಚುಮಾತಿನಲ್ಲಿರಬೇಕು, ಜೊತೆಗೆ ಕಾಲ್‌ಸೈನ್ ಹೇಳಲೇಬೇಕು. ಅಂದಮೇಲೆ ಗುಪ್ತ ಮತದಾನ ಅನ್ನುವುದು ಗಾಳಿಯಲ್ಲಿ ಸಾಧ್ಯವೇ ಇಲ್ಲ. ಪದಾಧಿಕಾರಿಗಳ ಆಯ್ಕೆಯನ್ನು ಹಾಗೆ ಮಾಡಿದರೆ ಸಣ್ಣ ಊರಿನಲ್ಲಿ ಮುಖ ಮುಖ ನೋಡಿಕೊಂಡು ಬದುಕುವವರು ನಿಜ ಹೇಳುತ್ತಾರಾ? ಮೊದಲು ಮಾತಾಡಿದ ಹಿರಿಯರು ಏನು ಅಂದರೋ ಉಳಿದವರೂ ಅದನ್ನೇ ಅನ್ನುತ್ತಾರೆ.

ಇನ್ನೊಂದು ತೊಂದರೆ. ರಿಪೀಟರ್ ನಡೆಯುವ ಎರಡು ಮೀಟರ್ ಬ್ಯಾಂಡ್ ನೇರ ದಾರಿಯಲ್ಲಿ ಹೋಗುವ ಅಲೆ. ನಿಮ್ಮ ಜಿಲ್ಲೆಯಲ್ಲಿ ಮಧುಗಿರಿ ಕಡೆ ಬಂಡೆ ಬೆಟ್ಟಗಳು ಅಡ್ಡ. ಬೆಟ್ಟದ ನೆರಳಿನಲ್ಲಿರುವವರು ರಿಪೀಟರ್ ಮುಟ್ಟಲಾರರು, ಅದೂ ಈಗ ನಿಮ್ಮ ರಿಪೀಟರ್ ಹುಷಾರಿಲ್ಲದೆ ಮಲಗಿದೆ. ರಿಪೀಟರ್ ರಿಪೇರಿ ಬೇಕಾ ಅನ್ನುವ ವೋಟನ್ನು ಅದೇ ರಿಪೀಟರ್ ಮೇಲೆ ಹಾಕಿಸಿದರೆ, ಕೇಳಿಸದವರ ವೋಟು ಬರುವುದೇ ಇಲ್ಲ! ಎಚ್‌ಎಫ್‌ನ 40 ಮೀಟರ್ ಬ್ಯಾಂಡಿನಲ್ಲಿ ಹಗಲು ಹೊತ್ತು ತಗ್ಗಿನ ಡೈಪೋಲ್ ಇಟ್ಟುಕೊಂಡರೆ ಇಡೀ ಜಿಲ್ಲೆ ಸಿಗುತ್ತದೆ. ಆದರೆ ಎಚ್‌ಎಫ್ ಸೆಟ್ ಎಷ್ಟು ಜನರ ಹತ್ತಿರ ಇದೆ?

ಚರ್ಚೆಗಾದರೆ ನೆಟ್ ಬಹಳ ಒಳ್ಳೆಯ ಜಾಗ. ಒಬ್ಬರಾದಮೇಲೆ ಒಬ್ಬರು ಮಾತಾಡುವುದು ಅಲ್ಲಿ ಅಭ್ಯಾಸ ಆಗಿದೆ, ವಾಟ್ಸಾಪ್ ತರಹ ನಡುವೆ ಕೈಮುಗಿಯುವ ಚಿತ್ರ ಬಂದು ಬೀಳುವುದಿಲ್ಲ. ಖರ್ಚಿನ ವಿವರ ಓದಿ ಹೇಳಿ, ಅಭಿಪ್ರಾಯ ಕೇಳಿ, ವೋಟು ಮಾತ್ರ ಬೇರೆ ಕಡೆ ಇಡಿ.

ಕೇಳುಗರಿಗೆ ವೋಟು ಬೇಕಾ ಅಂದರೆ, ನನ್ನ ಮಟ್ಟಿಗೆ ಬೇಡ. ಅಮೆರಿಕದ ಹ್ಯಾಮ್ ಸಂಘ ಎಆರ್‌ಆರ್‌ಎಲ್‌ನಲ್ಲೂ ಲೈಸೆನ್ಸ್ ಇಲ್ಲದವರು ಸಹ ಸದಸ್ಯರಾಗಬಹುದು, ವೋಟು ಇಲ್ಲ. ಸಭೆಯಲ್ಲಿ ಕೂತು ಮಾತಾಡಲು ಬಿಟ್ಟರೆ ನನಗೆ ಸಾಕು.

ಬೆಟ್ಟದ_ಬ್ಯಾಟರಿ ಉತ್ತರ:

ನಾನು ಇದಕ್ಕೆ ಉಲ್ಟಾ ಹೇಳುತ್ತೇನೆ, ಬೈದರೆ ಬೈಯಿರಿ.

ವೋಟು ಯಾಕೆ ಬೇಕು ಸ್ವಾಮಿ? ನಾನು ಇದೇ ಜಿಲ್ಲೆಯವನು, ರಿಪೀಟರ್ ಕೆಲಸಕ್ಕೆ ಬೆಟ್ಟ ಹತ್ತುವವರಲ್ಲಿ ಒಬ್ಬ. ನೂರು ಎಎಚ್ ಟ್ಯೂಬುಲರ್ ಬ್ಯಾಟರಿ ಅಂದರೆ ಮೂವತ್ತು ಕಿಲೋ ದಾಟುತ್ತದೆ, ಜೀಪು ನಿಲ್ಲುವ ಜಾಗದಿಂದ ಮುಂದೆ ಅದನ್ನು ಹೊರುವುದು ಮನುಷ್ಯರೇ. ಮುಂಗಾರಿಗೆ ಮೊದಲು ಸಿಡಿಲು ಬಡಿದರೆ ಹೋಗಬೇಕು. ಕೋತಿ ಕೋಆಕ್ಸ್ (ಆಂಟೆನಾ ಕೇಬಲ್) ಕಚ್ಚಿ ಅದರೊಳಗೆ ನೀರು ಹೋಗಿ ಎಸ್‌ಡಬ್ಲ್ಯುಆರ್ (ಪವರ್ ವಾಪಸ್ ಬರುವುದನ್ನು ತೋರಿಸುವ ಅಳತೆ) ಏರಿದರೆ ಹೋಗಬೇಕು. ಹೋಗುವವರು ನಾಲ್ಕು ಜನ. ನಾವು ನಾಲ್ಕು ಜನ ಕೂತು ಡ್ಯೂಪ್ಲೆಕ್ಸರ್ ಕಳಿಸಿ ಟ್ಯೂನ್ ಮಾಡಿಸೋಣ ಅಂತ ತೀರ್ಮಾನ ಮಾಡಿದ್ದಿದ್ದರೆ ಕೆಲಸ ಇಷ್ಟೊತ್ತಿಗೆ ಮುಗಿದಿರುತ್ತಿತ್ತು. ಬೆಟ್ಟದ ಮುಖ ನೋಡದವರು, ಡ್ಯೂಪ್ಲೆಕ್ಸರ್ ಅಂದರೆ ಏನು ಅಂತ ಗೊತ್ತಿಲ್ಲದವರು ಫೋನಿನಲ್ಲಿ ಒಂದು ಬಟನ್ ಒತ್ತಿ ಬೇಡ ಅಂದರೆ ನಾವು ಕೈಕಟ್ಟಿ ಕೂರಬೇಕಾ?

ಕಾಲೇಜು ಹುಡುಗರ ವಿಷಯ ಬೇರೆ. ತರಬೇತಿ ಶಿಬಿರ ಅಂತ ಮಾಡುತ್ತಾರೆ, ಒಂದೇ ದಿನ ನಲವತ್ತು ಫಾರಂ ತುಂಬಿಸುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ. ಆಮೇಲೆ ಅವರ ಧ್ವನಿಯನ್ನೇ ಕೇಳಿದವರಿಲ್ಲ. ಚುನಾವಣೆ ಅಂತ ಇಟ್ಟರೆ ಯಾರೋ ಒಬ್ಬರು ಆ ನಲವತ್ತು ಜನರನ್ನು ವ್ಯಾನಿನಲ್ಲಿ ತುಂಬಿಕೊಂಡು ಬಂದು ಗೆದ್ದುಬಿಡಬಹುದು. ಅದು ಬೇಕಾ ನಿಮಗೆ?

ಚಿಂತಾಮಣಿ_ವೈಎಲ್ ಉತ್ತರ:

ಬ್ಯಾಟರಿ ಅಣ್ಣ, ಆ ನಲವತ್ತು ಫಾರಂಗಳಲ್ಲಿ ಒಂದು ನನ್ನದು ಅಂದುಕೊಳ್ಳಿ. ಕ್ಲಬ್ ಬೇರೆ, ಕಥೆ ಒಂದೇ.

ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಶಿಬಿರಕ್ಕೆ ಸೇರಿದೆ, ಪರೀಕ್ಷೆ ಬರೆದೆ, ರಿಸ್ಟ್ರಿಕ್ಟೆಡ್ ಗ್ರೇಡ್ (ಲೈಸೆನ್ಸಿನ ಕೆಳಗಿನ ದರ್ಜೆ) ಪಾಸಾಯಿತು. ಕಾಲ್‌ಸೈನ್ ಬರಲು ಕಾದಿದ್ದು ಎಷ್ಟು ತಿಂಗಳು ಅನ್ನುವುದು ನನಗಿಂತ ನಮ್ಮ ಅಮ್ಮನಿಗೆ ಚೆನ್ನಾಗಿ ನೆನಪಿದೆ, ದಿನಾ ಕೇಳುತ್ತಿದ್ದರು. ಬಂದಮೇಲೆ ಖುಷಿಯಿಂದ ಕ್ಲಬ್ಬಿಗೆ ಸದಸ್ಯತ್ವದ ದುಡ್ಡು ಕಟ್ಟಿದೆ. ಆಮೇಲೆ ಏನಾಯಿತು ಅಂದರೆ, ಏನೂ ಆಗಲಿಲ್ಲ. ಯಾರೂ ಕರೆಯಲಿಲ್ಲ. ಮಹಾಸಭೆಯ ನೋಟಿಸ್ ಬಂತು, ಪೂರ್ತಿ ಇಂಗ್ಲಿಷಿನ ಪಿಡಿಎಫ್, ಅದರಲ್ಲಿ ಐದು ಸಾಲು. ಹಿಂದಿನ ಸಭೆಯ ನಡಾವಳಿ ಓದುವುದು, ಲೆಕ್ಕಪತ್ರ ಮಂಡಿಸುವುದು, ಪದಾಧಿಕಾರಿಗಳ ಆಯ್ಕೆ, ಅಧ್ಯಕ್ಷರ ಅನುಮತಿಯ ಮೇರೆಗೆ ಇತರೆ ವಿಷಯ, ವಂದನಾರ್ಪಣೆ. ಇದಕ್ಕೆ ಸೆಮಿಸ್ಟರ್ ಪರೀಕ್ಷೆ ಮಧ್ಯೆ ಭಾನುವಾರ ಬೆಳಗ್ಗೆ ಬಸ್ ಹತ್ತಿ ಯಾಕೆ ಬರಬೇಕು ನೀವೇ ಹೇಳಿ. ರಿಪೀಟರ್ ಸತ್ತಿದೆ, ಇಷ್ಟು ದುಡ್ಡಿದೆ, ಎರಡು ದಾರಿ ಇವೆ, ನೀವು ಏನು ಹೇಳುತ್ತೀರಿ ಅಂತ ಯಾರಾದರೂ ಕೇಳಿದ್ದಿದ್ದರೆ ಖಂಡಿತ ಬರುತ್ತಿದ್ದೆ.

ಅವಿರೋಧ ಆಯ್ಕೆ ಅಂತ ಹೆಮ್ಮೆಯಿಂದ ಹಾಕಿಕೊಳ್ಳುತ್ತಾರೆ. ನಾಮಪತ್ರ ಹಾಕಬಹುದು ಅಂತ ಯಾರಿಗೂ ಹೇಳದಿದ್ದರೆ ಅವಿರೋಧ ಅಲ್ಲದೆ ಇನ್ನೇನು ಆಗುತ್ತದೆ? ಯಾವ ಹುದ್ದೆ ಖಾಲಿ ಇದೆ, ಅದರಲ್ಲಿ ವಾರಕ್ಕೆ ಎಷ್ಟು ಹೊತ್ತಿನ ಕೆಲಸ, ಯಾವತ್ತಿನೊಳಗೆ ಹೆಸರು ಕೊಡಬೇಕು, ಇಷ್ಟು ಬರೆದು ಕಳಿಸಿದರೆ ನನ್ನ ಬ್ಯಾಚಿನಲ್ಲೇ ಇಬ್ಬರು ಖಜಾಂಚಿ ಕೆಲಸಕ್ಕೆ ತಯಾರಿದ್ದರು. ಇಬ್ಬರೂ ಎಕ್ಸೆಲ್‌ನಲ್ಲಿ ಮನೆಯ ಟೊಮೆಟೊ ಲೆಕ್ಕ ಇಡುವವರು, ಮಾರುಕಟ್ಟೆ ರೇಟಿನ ಏರಿಳಿತ ನೋಡಿ ಬೆಳೆದವರು.

ಬೆಟ್ಟ ಹತ್ತುವವರಿಗೆ ಜಾಸ್ತಿ ಮಾತಿರಬೇಕು, ಒಪ್ಪಿದೆ. ಆದರೆ ಅಣ್ಣ, ನಾವು ಬರುತ್ತೇವೆ ಅಂದಾಗ ಹುಡುಗಿಯರಿಗೆ ಕಷ್ಟ ಆಗುತ್ತದೆ ಬೇಡಮ್ಮ ಅಂತ ಹೇಳಿದವರೂ ಇದ್ದಾರೆ. ಕರೆದುಕೊಂಡು ಹೋಗದೆ, ಬರಲಿಲ್ಲ ಅಂತ ವೋಟು ತೆಗೆದರೆ ಹೇಗೆ?

ಶಾಲೆ ಮಕ್ಕಳ ಬಗ್ಗೆ: ಲೈಸೆನ್ಸಿಗೆ 12 ವರ್ಷ ತುಂಬಿದ್ದರೆ ಸಾಕು. ಸಂಘದ ಕಾನೂನು ಜವಾಬ್ದಾರಿ ಹೊರಲು ಅದು ಸಾಲುವುದಿಲ್ಲ. 18 ಆಗುವವರೆಗೆ ಕಿರಿಯ ಸದಸ್ಯರು ಅಂತ ಇಟ್ಟು, ಅವರಲ್ಲಿ ಒಬ್ಬರನ್ನು ಸಮಿತಿ ಸಭೆಗೆ ವೋಟಿಲ್ಲದೆ ಕೂರಿಸಿಕೊಳ್ಳಿ.

ಹಳೇ_ವಾಲ್ವ್ ಉತ್ತರ:

ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದು ಈಗ ಬೆಂಗಳೂರಿನಲ್ಲಿರುವ ಮುದುಕ ನಾನು. ಕ್ಲಬ್ ಚುನಾವಣೆಗಳು ಬಹಳ ನೋಡಿದ್ದೇನೆ. ಎರಡು ಮೂರು ವಿಷಯ ಹೇಳಿ ಹೋಗುತ್ತೇನೆ, ಉದ್ದ ಆದರೆ ಕ್ಷಮಿಸಿ.

ಬ್ಯಾಟರಿಯವರೇ, ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ. ಆದರೆ ನೀವು ನಾಲ್ಕು ಜನ ಸೇರಿ ದುಡ್ಡು ಖರ್ಚು ಮಾಡಲು ಅದು ನಿಮ್ಮ ನಾಲ್ಕು ಜನರ ದುಡ್ಡಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ನೋಂದಣಿ ಆದಮೇಲೆ ವರ್ಷಕ್ಕೊಂದು ಮಹಾಸಭೆ ನಡೆಯಲೇಬೇಕು, ಆಮೇಲೆ ಸಮಿತಿಯ ಪಟ್ಟಿ ಮತ್ತು ಲೆಕ್ಕವನ್ನು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಅದನ್ನು ಬಿಡುತ್ತಾ ಹೋದರೆ ಮೊದಲು ಬ್ಯಾಂಕ್ ಸಹಿ ನಿಲ್ಲುತ್ತದೆ, ಈಗ ಕೋಆಕ್ಸ್ ಅವರಿಗೆ ಆಗಿರುವುದು ಅದೇ. ಮುಂದೆ ಯಾರಾದರೂ ಸಿಟ್ಟಾದ ಸದಸ್ಯರು ದೂರು ಕೊಟ್ಟರೆ ವಿಚಾರಣೆ, ಅದೂ ಮೀರಿದರೆ ಆಡಳಿತಾಧಿಕಾರಿ ನೇಮಕದವರೆಗೆ ಹೋಗಬಹುದು. ಆ ಅಧಿಕಾರಿ ಪಾಪ ಡ್ಯೂಪ್ಲೆಕ್ಸರ್ ಎಲ್ಲಿಂದ ಟ್ಯೂನ್ ಮಾಡಿಸುತ್ತಾರೆ? ನಿಮಗೆ ಬೇಕಾಗಿರುವುದು ವೋಟು ತೆಗೆಯುವುದಲ್ಲ. ತಾಂತ್ರಿಕ ತಂಡಕ್ಕೆ ವರ್ಷಕ್ಕೆ ಇಂತಿಷ್ಟು ರೂಪಾಯಿವರೆಗೆ ಯಾರನ್ನೂ ಕೇಳದೆ ಖರ್ಚು ಮಾಡುವ ಅಧಿಕಾರ ಕೊಡಿ ಅಂತ ಮಹಾಸಭೆಯಲ್ಲಿ ಒಂದು ನಿರ್ಣಯ ಮಾಡಿಸಿಕೊಳ್ಳಿ. ಬಿಲ್ಲು ತಂದು ಕೊಟ್ಟರೆ ಆಯಿತು. ಸಿಡಿಲು ಬಡಿದ ದಿನ ಸಭೆ ಕರೆಯುವ ಅಗತ್ಯವೇ ಬರುವುದಿಲ್ಲ.

ವ್ಯಾನಿನಲ್ಲಿ ತುಂಬಿಕೊಂಡು ಬರುವ ಭಯ ಸುಳ್ಳಲ್ಲ, ಅಂಥದ್ದು ಎಲ್ಲಾ ಸಂಘಗಳಲ್ಲೂ ಆಗುತ್ತದೆ. ಅದಕ್ಕೆ ಮದ್ದು ಮತದಾರರ ಪಟ್ಟಿಗೆ ಒಂದು ಕೊನೆಯ ದಿನ. ಸಭೆಗೆ ಇಷ್ಟು ತಿಂಗಳು ಮೊದಲು ಸದಸ್ಯರಾಗಿ ಚಂದಾ ಕಟ್ಟಿದವರಿಗೆ ಮಾತ್ರ ಈ ಸಲ ವೋಟು ಅಂತ ಬೈಲಾದಲ್ಲಿರಲಿ, ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಿ, ತಕರಾರಿಗೆ ಒಂದು ವಾರ ಬಿಡಿ.

ಗೂಗಲ್ ಫಾರ್ಮ್ ಬಗ್ಗೆ ಹುಷಾರಾಗಿರಿ. ನಮ್ಮ ಕಾಲ್‌ಸೈನ್ ಗುಟ್ಟಿನ ವಸ್ತು ಅಲ್ಲ, ದಿನಾ ಬ್ಯಾಂಡಿನಲ್ಲಿ ಕೂಗುತ್ತೇವೆ, ಕ್ಯೂಆರ್‌ಜಡ್ ವೆಬ್‌ಸೈಟಿನಲ್ಲಿ ಹುಡುಕಿದರೆ ಸಿಗುತ್ತದೆ, ಸಂಪರ್ಕ ಆಯಿತು ಅಂತ ಕಳಿಸುವ ಕ್ಯೂಎಸ್‌ಎಲ್ ಕಾರ್ಡಿನಲ್ಲಿ ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸುತ್ತೇವೆ. ಕಾಲ್‌ಸೈನ್ ಬರೆದು ವೋಟು ಹಾಕಿ ಅಂದರೆ ಯಾರ ವೋಟನ್ನು ಯಾರು ಬೇಕಾದರೂ ಹಾಕಬಹುದು. ಒಬ್ಬೊಬ್ಬ ಸದಸ್ಯರಿಗೂ ಒಂದೊಂದು ಬೇರೆ ಸಂಖ್ಯೆ ಕಳಿಸಬೇಕು, ಅದು ಒಂದೇ ಸಲ ನಡೆಯಬೇಕು, ಯಾವ ಸಂಖ್ಯೆ ಯಾರಿಗೆ ಹೋಯಿತು ಅನ್ನುವುದು ಎಣಿಸುವವರಿಗೆ ಗೊತ್ತಿರಬಾರದು. ಬ್ರಿಟನ್ನಿನ ಹ್ಯಾಮ್ ಸಂಘ ಆರ್‌ಎಸ್‌ಜಿಬಿಯಲ್ಲಿ ಸದಸ್ಯರು ಆನ್‌ಲೈನ್‌ನಲ್ಲಿ ವೋಟು ಹಾಕುತ್ತಾರೆ. ಅಷ್ಟು ದೊಡ್ಡ ಸಂಸ್ಥೆಗೆ ಅದರ ಖರ್ಚು ತಡೆಯುತ್ತದೆ. ನಿಮ್ಮಂಥ ಕ್ಲಬ್ಬಿಗೆ ಅಂಚೆಯೇ ಒಳ್ಳೆಯದು. ಎರಡು ಲಕೋಟೆ. ಒಳಗಿನದರಲ್ಲಿ ಗುರುತು ಹಾಕಿದ ಮತಪತ್ರ, ಮೇಲೆ ಏನೂ ಬರೆಯಬಾರದು. ಹೊರಗಿನದರ ಮೇಲೆ ಹೆಸರು, ಕಾಲ್‌ಸೈನ್, ಸಹಿ. ಎಣಿಕೆ ದಿನ ಮೊದಲು ಹೊರಗಿನ ಸಹಿಯನ್ನು ಪಟ್ಟಿಯ ಜೊತೆ ತಾಳೆ ನೋಡಿ, ಒಳಗಿನ ಲಕೋಟೆಗಳನ್ನು ಒಂದು ಡಬ್ಬಕ್ಕೆ ಹಾಕಿ ಕಲಸಿ, ಆಮೇಲೆ ಒಡೆಯುವುದು. ಪಾವಗಡದವರಿಗೂ ತಿಪಟೂರಿನವರಿಗೂ ಬಸ್ ಖರ್ಚು ಉಳಿಯಿತು. ಆದರೆ ಅಂಚೆ ಮತ ನಡೆಯುತ್ತದೆ ಅಂತ ಮೊದಲು ಬೈಲಾದಲ್ಲಿ ಬರಬೇಕು, ಅಂಚೆಯಲ್ಲಿ ಬಂದ ಮತವನ್ನು ಕೋರಂಗೆ ಹಿಡಿಯಬೇಕೋ ಬೇಡವೋ ಅನ್ನುವುದೂ ಅಲ್ಲೇ ಸ್ಪಷ್ಟ ಇರಬೇಕು. ತಿದ್ದಿದ ಬೈಲಾವನ್ನು ನೋಂದಣಾಧಿಕಾರಿ ಕಚೇರಿಗೆ ಸಲ್ಲಿಸಿ.

ಈಗ ದೊಡ್ಡ ಚಿತ್ರ. ಇಷ್ಟು ಸಣ್ಣ ಕ್ಲಬ್ಬಿನ ವೋಟಿಗೆ ಯಾಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು ಅಂತ ಅನ್ನಿಸಬಹುದು. ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೊ ಒಕ್ಕೂಟ 1925ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿತು. ಅಲ್ಲಿ ಒಂದು ದೇಶಕ್ಕೆ ಒಂದೇ ಸಂಸ್ಥೆ, ಒಂದು ಸಂಸ್ಥೆಗೆ ಒಂದೇ ವೋಟು. ಸದಸ್ಯರು ಲಕ್ಷ ಇದ್ದರೂ ಒಂದು, ನೂರು ಇದ್ದರೂ ಒಂದು. ಭಾರತದ ಆ ಒಂದು ವೋಟು ಎಆರ್‌ಎಸ್‌ಐ, ಅಂದರೆ ಅಮೆಚೂರ್ ರೇಡಿಯೊ ಸೊಸೈಟಿ ಆಫ್ ಇಂಡಿಯಾದ ಕೈಯಲ್ಲಿದೆ. ನಮ್ಮ ಬ್ಯಾಂಡುಗಳ ಗತಿ ತೀರ್ಮಾನ ಆಗುವುದು ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯುನ ವಿಶ್ವ ರೇಡಿಯೊ ಸಮ್ಮೇಳನಗಳಲ್ಲಿ. ಅಲ್ಲಿ ಹ್ಯಾಮ್‌ಗಳಿಗೆ ವೋಟೇ ಇಲ್ಲ, ವೋಟು ಸರ್ಕಾರಗಳದ್ದು. ಹ್ಯಾಮ್‌ಗಳ ಪರವಾಗಿ ಕೂತು ಮಾತಾಡುವುದು ಈ ಒಕ್ಕೂಟ. ಇಲ್ಲಿ ಲೈಸೆನ್ಸ್ ಕೊಡುವ ಸರ್ಕಾರಿ ಕಚೇರಿ, ದೆಹಲಿಯ ಡಬ್ಲ್ಯುಪಿಸಿ ಮುಂದೆ ಲೈಸೆನ್ಸ್ ತಡದ ಬಗ್ಗೆ, ಫೀಸಿನ ಬಗ್ಗೆ ಮನವಿ ಹಿಡಿದು ಹೋಗುವಾಗಲೂ ನಿಮ್ಮ ಹಿಂದೆ ಎಷ್ಟು ಜನ ಇದ್ದಾರೆ ಅನ್ನುವ ಪ್ರಶ್ನೆ ಬರುತ್ತದೆ. ನಿಮ್ಮ ಕ್ಲಬ್ಬಿನ ಸದಸ್ಯರೆಲ್ಲ ತನ್ನಿಂತಾನೇ ರಾಷ್ಟ್ರ ಸಂಸ್ಥೆಯ ಸದಸ್ಯರಾಗುವುದಿಲ್ಲ, ಅದು ಬೇರೆ ಸದಸ್ಯತ್ವ. ಅದರ ಚುನಾವಣೆ ಬಂದಾಗ ಯಾರು ನಿಂತಿದ್ದಾರೆ ಅಂತ ನೋಡದೆ, ವೋಟು ಹಾಕದೆ, ಆಮೇಲೆ ಅವರು ಏನೂ ಮಾಡಲಿಲ್ಲ ಅಂತ ನೆಟ್‌ನಲ್ಲಿ ಗೊಣಗುವವರನ್ನು ನಾನು ಬಹಳ ಕೇಳಿದ್ದೇನೆ.

ಅಮೆರಿಕದ ಎಆರ್‌ಆರ್‌ಎಲ್ 1914ರದ್ದು. ಅವರು ದೇಶವನ್ನು 15 ಡಿವಿಜನ್ ಮಾಡಿ ಒಂದೊಂದರಿಂದ ಒಬ್ಬ ನಿರ್ದೇಶಕರನ್ನು ಮೂರು ವರ್ಷಕ್ಕೆ ಆರಿಸುತ್ತಾರೆ. ಎಲ್ಲಾ ಡಿವಿಜನ್‌ಗೂ ಒಂದೇ ವರ್ಷ ಚುನಾವಣೆ ಇಲ್ಲ, ವರ್ಷಕ್ಕೆ ಐದರಂತೆ ಸರದಿ. ಇದನ್ನು ಸಣ್ಣದಾಗಿ ನೀವೂ ಮಾಡಬಹುದು. ತಾಲ್ಲೂಕಿಗೊಬ್ಬ ಸಮಿತಿ ಸದಸ್ಯರು, ಪ್ರತಿ ವರ್ಷ ಸಮಿತಿಯ ಮೂರನೇ ಒಂದು ಭಾಗ ಮಾತ್ರ ಬದಲು. ಶಿರಾದವರು ಶಿರಾದವರನ್ನೇ ಆರಿಸುವಾಗ ಹೆಸರು ಗೊತ್ತಿರುತ್ತದೆ, ವೋಟು ಹಾಕಲು ಮನಸ್ಸು ಬರುತ್ತದೆ. ಸಮಿತಿಯಲ್ಲಿ ಹಳಬರೂ ಉಳಿಯುತ್ತಾರೆ, ಪಾಸ್‌ವರ್ಡ್ ಯಾರ ಹತ್ತಿರ ಇದೆ ಅಂತ ಹುಡುಕುವುದು ತಪ್ಪುತ್ತದೆ.

ತುಮಕೂರು_ಕೋಆಕ್ಸ್ ಉತ್ತರ:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ.

ಡೈಪೋಲ್ ಅವರ ಮಾತು ಕೇಳಿ ರಿಜಿಸ್ಟರ್ ತೆಗೆದು ನೋಡಿದೆ. ಒಂಬತ್ತು ಜನ ಸೈಲೆಂಟ್ ಕೀ. ಇಬ್ಬರ ಹೆಸರು ಎರಡೆರಡು ಸಲ ಇದೆ, ಕೆಳಗಿನ ದರ್ಜೆಯ ವಿಯು3 ಕಾಲ್‌ಸೈನ್ ಇದ್ದಾಗ ಒಂದು, ಮೇಲಿನ ದರ್ಜೆಯ ವಿಯು2 ಆದಮೇಲೆ ಇನ್ನೊಂದು! ಅಲ್ಲಿಗೆ 101. ಕೋರಂ 34ಕ್ಕೆ ಇಳಿಯಿತು, ಇನ್ನೂ ಯಾರನ್ನೂ ಬೇರೆ ಪಟ್ಟಿಗೆ ಹಾಕಿಲ್ಲ. ಬೈಲಾ ಓದಿದೆ, ಮುಂದೂಡಿದ ಸಭೆಯ ಸಾಲು ನಿಜವಾಗಿ ಇದೆ. ಅಂಚೆ ಮತದ ಬಗ್ಗೆ ಒಂದಕ್ಷರ ಇಲ್ಲ.

ಹಾಗಾಗಿ ನಾನು ಸಮಿತಿಗೆ ಬರೆದು ಕೊಡುತ್ತಿರುವುದು ಹೀಗೆ. ಈ ಸಲದ ಸಭೆಯಲ್ಲಿ ಎರಡೇ ದೊಡ್ಡ ವಿಷಯ, ಬೈಲಾ ತಿದ್ದುಪಡಿ ಮತ್ತು ರಿಪೀಟರ್ ದುಡ್ಡು. ಕೇಳುಗ ಅವರು ಹೇಳಿದ ಹಾಗೆ ಅದರ ಮೊದಲಿನ ಎರಡು ಭಾನುವಾರದ ನೆಟ್‌ನಲ್ಲಿ ಎರಡೂ ಗುಂಪಿನವರು ತಮ್ಮ ಲೆಕ್ಕ ಓದಿ ಹೇಳುವುದು, ರಿಪೀಟರ್ ಸಿಗದವರಿಗೆ 40 ಮೀಟರ್‌ನಲ್ಲಿ ಇನ್ನೊಮ್ಮೆ. ವೋಟು ಸಭೆಯಲ್ಲಿ, ಚೀಟಿಯಲ್ಲಿ. ಸಭೆಯನ್ನು ಪರೀಕ್ಷೆ ಇಲ್ಲದ ತಿಂಗಳಿನಲ್ಲಿ ಇಡುವುದು. ತಾಂತ್ರಿಕ ತಂಡದ ಖರ್ಚಿನ ಮಿತಿಯನ್ನೂ ಸೇರಿಸಿದ್ದೇನೆ, ಬ್ಯಾಟರಿ ಅಣ್ಣ, ಮೊತ್ತ ನೀವೇ ಹೇಳಿ. ತಾಲ್ಲೂಕುವಾರು ಸಮಿತಿ ಮುಂದಿನ ವರ್ಷಕ್ಕೆ ಇರಲಿ, ಒಟ್ಟಿಗೆ ಎಲ್ಲಾ ತಂದರೆ ಹಿರಿಯರು ಗಾಬರಿಯಾಗುತ್ತಾರೆ.

ಸಭೆಯನ್ನು ಬೆಟ್ಟದ ಬುಡದಲ್ಲೇ ಇಟ್ಟರೆ ಹೇಗೆ ಅಂತ ಒಂದು ಯೋಚನೆ ಇದೆ. ದೇವರಾಯನದುರ್ಗದ ಕಡೆ ಫೀಲ್ಡ್ ಡೇ ಮಾಡಿ, ಆಂಟೆನಾ ಕಟ್ಟಿ, ಊಟ ಮಾಡಿ, ಮಧ್ಯಾಹ್ನ ಸಭೆ. ಊಟದ ಖರ್ಚು ಯಾರು ಕೊಡುತ್ತಾರೆ ಅನ್ನುವುದಕ್ಕೂ ವೋಟು ಹಾಕಬೇಕಾಗುತ್ತದೋ ಏನೋ.

ಬೆಟ್ಟದ_ಬ್ಯಾಟರಿ ಉತ್ತರ:

ಮೊತ್ತ ಸಮಿತಿಯ ಎದುರಿಗೆ ಹೇಳುತ್ತೇನೆ, ಇಲ್ಲಿ ಬರೆದರೆ ಚೌಕಾಸಿ ಶುರುವಾಗುತ್ತದೆ. ವೋಟಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಸಭೆ ಬೆಟ್ಟದ ಹತ್ತಿರ ಇಟ್ಟರೆ ಬೆಳಗ್ಗೆ ಬ್ಯಾಟರಿ ಹೊರಲು ಹತ್ತು ಜನ ಸಿಗುತ್ತಾರೆ, ಅದಕ್ಕಾಗಿಯಾದರೂ ಬರುತ್ತೇನೆ. ಚಿಂತಾಮಣಿಯ ತಂಗಿಗೂ ಹೇಳಿ, ಬೇಡಮ್ಮ ಅಂತ ಹೇಳುವವನು ನಾನಲ್ಲ. ಶೂ ಹಾಕಿಕೊಂಡು ಬರಲಿ.

ಚಿಂತಾಮಣಿ_ವೈಎಲ್ ಉತ್ತರ:

ಬರುತ್ತೇನೆ ಅಣ್ಣ, ವೋಟಿಲ್ಲದ ಅತಿಥಿಯಾಗಿ. ಕೋಆಕ್ಸ್ ಸಾರ್, ನೋಟಿಸ್ ಕನ್ನಡದಲ್ಲಿ ಬರೆದು ಕೊಡಬೇಕಾದರೆ ಹೇಳಿ. ಬೈಲಾ ತಿದ್ದುಪಡಿಯ ಹಳೇ ಸಾಲು, ಹೊಸ ಸಾಲು ಎರಡನ್ನೂ ಅಕ್ಕಪಕ್ಕ ಹಾಕಿ, ಏನು ಬದಲಾಗುತ್ತಿದೆ ಅಂತ ಫೋನಿನಲ್ಲೇ ಕಾಣುವ ಹಾಗೆ ಮಾಡುತ್ತೇನೆ. ಖಾಲಿ ಹುದ್ದೆಗಳ ಪಟ್ಟಿಯನ್ನು ಮೊದಲ ಪುಟದಲ್ಲೇ ಹಾಕಿ.

ಹಳೇ_ವಾಲ್ವ್ ಉತ್ತರ:

ಒಂದು ಮರೆತಿದ್ದೆ. ಚೀಟಿ ಎಣಿಸಲು ಯಾವ ಹುದ್ದೆಗೂ ನಿಲ್ಲದ ಇಬ್ಬರನ್ನು ಸಭೆಯ ಆರಂಭದಲ್ಲೇ ಆರಿಸಿ, ಆಗದಿದ್ದರೆ ಬೇರೆ ಜಿಲ್ಲೆಯ ಕ್ಲಬ್ಬಿನವರನ್ನು ಕರೆಯಿರಿ. ಬಂದವರ ಸಹಿಯನ್ನು ಹಾಜರಿ ಪುಸ್ತಕದಲ್ಲಿ ಊಟಕ್ಕೆ ಮೊದಲು ತೆಗೆದುಕೊಳ್ಳಿ, ಆಮೇಲೆ ಅಲ್ಲ. ಊಟ ಆದಮೇಲೆ ಕೋರಂ ಕರಗುವುದನ್ನು ಬಹಳ ಕಡೆ ನೋಡಿದ್ದೇನೆ. ನನ್ನನ್ನು ಕರೆದರೆ ಎಣಿಸಲು ಬರುತ್ತೇನೆ, ಯಶವಂತಪುರದಿಂದ ಬೆಳಗಿನ ರೈಲಿದೆ.